ಕರಿ ಟೇಪು

ಮಾರ್ಚ್ ೩, ಸೋಮವಾರ

ಹೊಸ ಡಿಟೆಕ್ಟರುಗಳ ಪೆಟ್ಟಿಗೆ ಬಂತು. ಬಿಚ್ಚಿ ನೋಡಿದರೆ ಒಂದಕ್ಕಿಂತ ಒಂದು ಅಂದ. ಕೈಗೆ ಹಗುರ, ಹೇಗೆ ಬೇಕಾದರೂ ಬಗ್ಗುವ ಉದ್ದನೆಯ ಕತ್ತು, ತುದಿಗೆ ಇಲಿಯದರಂಥ ಚೂಪು ಮೂತಿ. ಆದರೆ ಅಂದ ಕಟ್ಟಿಕೊಂಡು ನಾನೇನು ಮಾಡಲಿ? ಒಂದೂ ಬಾಯಿ ಬಿಡಲಿಲ್ಲ.

ಎಲ್ಲಿ ತಪ್ಪಿದೆ ಎಂದು ತಿಳಿಯಲು ಇಷ್ಟು ವರ್ಷದ ಮೇಲೆ ನನಗೆ ನಾನೇ ಪಾಠ ಹೇಳಿಕೊಳ್ಳುತ್ತಿದ್ದೇನೆ. ಎಸಿ, ಫ್ರಿಜ್ಜು, ಕೋಲ್ಡ್ ಸ್ಟೋರೇಜುಗಳ ಪೈಪಿನಿಂದ ತಂಪಿನ ಗ್ಯಾಸು ಸೋರುತ್ತಿದ್ದರೆ ಮೂಸಿ ಕೂಗುವುದು ಈ ಯಂತ್ರದ ಕೆಲಸ. ಕೂಗುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ನನ್ನ ಮೇಜಿನ ಮೇಲೆ ಗ್ಯಾಸು ತುಂಬಿದ ಒಂದು ಲೋಹದ ಬುಡ್ಡಿ ಇದೆ. ಅದರ ತೂತು ಕಣ್ಣಿಗೆ ಕಾಣದು. ವರ್ಷವಿಡೀ ಸೋರಿದರೂ ಹೊರಗೆ ಬರುವ ಗ್ಯಾಸು ಒಂದು ಚಮಚ ಸಕ್ಕರೆಯಷ್ಟು ತೂಗಿದರೆ ಹೆಚ್ಚು. ಅಷ್ಟನ್ನೂ ಈ ಮೂತಿ ಹಿಡಿಯಬೇಕು. ತೂತಿಗೆ ಅಕ್ಕಿಕಾಳಿನಷ್ಟು ಅಂತರ ಬಿಟ್ಟು, ಒಂದೇ ವೇಗದಲ್ಲಿ, ನಿಧಾನವಾಗಿ ಮೂತಿಯನ್ನು ಎಳೆಯಬೇಕು. ಕಣ್ಣು ಮೂತಿಯ ಮೇಲೆ, ಕಿವಿ ಕೂಗಿನ ಮೇಲೆ.

ಸೋರಿಕೆ ಸಿಕ್ಕಾಗ ಯಂತ್ರದಲ್ಲಿ ಕೆಂಪು ದೀಪವೂ ಹತ್ತುತ್ತದೆ. ಅದರ ಮೇಲೆ ನಾನು ಮೊದಲೇ ಕರಿ ಟೇಪು ಅಂಟಿಸಿಬಿಡುತ್ತೇನೆ. ಇದು ಯಾವ ಪುಸ್ತಕದಲ್ಲೂ ಇಲ್ಲದ ನಿಯಮ, ನನ್ನದೇ. ಮೆಕ್ಯಾನಿಕ್ಕು ಯಂತ್ರದ ಹಿಂದೆ ಕೈ ತೂರಿಸಿ, ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡಿರುತ್ತಾನೆ. ಅವನಿಗೆ ಎಲ್ಲಿಯ ದೀಪ? ಅವನಿಗಿರುವುದು ಕಿವಿಯೊಂದೇ. ನನ್ನ ತಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ರೆಸರುಗಳ ಮಧ್ಯೆ ಅರ್ಧ ಆಯಸ್ಸು ಸವೆಸಿದವನು. ಅವನಿಗೆ ಕೇಳುವಂಥದ್ದಾದರೆ ಮಾತ್ರ ಪಾಸು ಎಂದು ನನ್ನ ಲೆಕ್ಕ.

ಅದೂ ಅಲ್ಲದೆ ಈ ಪೆಟ್ಟಿಗೆ ಹೋಗುವುದು ಅವನ ಕೋಲ್ಡ್ ಸ್ಟೋರೇಜಿಗೇ. ಅಲ್ಲಿ ಈಗ ಹೊಸ ಗ್ಯಾಸು ತುಂಬುತ್ತಿದ್ದಾರೆ. ಹಳೆಯದು ಸೋರಿದರೆ ತಂಪು ಹೋಗುತ್ತಿತ್ತು, ಅಷ್ಟೇ. ಹೊಸದು ಹೊತ್ತಿಕೊಳ್ಳುತ್ತದೆ.

ನಮ್ಮ ಮುಖ್ಯಸ್ಥರು ಬಾಗಿಲಲ್ಲೇ ನಿಂತು, "ಬೇಗ ಮುಗಿಸಿಕೊಡಿ ಮೇಡಂ, ತುಂಬಾ ಅರ್ಜೆಂಟು" ಎಂದರು. ಅವರಿಗೆ ಯಾವುದು ಅರ್ಜೆಂಟಲ್ಲ? ಸುಮ್ಮನೆ ನಾವು ಅರ್ಜೆಂಟಣ್ಣ ಎಂದು ಹೆಸರಿಟ್ಟಿಲ್ಲ.

ಮಾರ್ಚ್ ೪, ಮಂಗಳವಾರ

ಗಾಳಿಯ ಮೇಲೆ ಅನುಮಾನ ಬಂತು. ಈ ಯಂತ್ರಗಳಿಗೆ ಒಂದು ಕೆಟ್ಟ ಗುಣವಿದೆ. ಗ್ಯಾಸು ತುಂಬಿದ ಗಾಳಿಯಲ್ಲಿ ಆನ್ ಮಾಡಿದರೆ, ಲೋಕವೇ ಹೀಗಿರುತ್ತದೆ ಅಂದುಕೊಂಡು ತೆಪ್ಪಗಿದ್ದುಬಿಡುತ್ತವೆ. ಆಮೇಲೆ ಅವುಗಳಿಗೆ ಸೋರಿಕೆ ಸೋರಿಕೆ ಅನ್ನಿಸುವುದೇ ಇಲ್ಲ. ಹಾಗಾಗಿ ಒಂದೊಂದನ್ನೂ ಹೊರಗಿನ ಮೆಟ್ಟಿಲಿಗೆ ಒಯ್ದು, ಶುದ್ಧ ಗಾಳಿಯಲ್ಲಿ ಆನ್ ಮಾಡಿ ತಂದೆ. ಏನೂ ಪ್ರಯೋಜನವಾಗಲಿಲ್ಲ. ಗುಮ್ಮನಗುಸಕಗಳು.

ಆಮೇಲೆ ನೆಲ ಒರೆಸುವಾಕೆಯ ಮೇಲೆ ಹರಿಹಾಯ್ದೆ. ವಾಸನೆಯ ದ್ರಾವಣ ಹಾಕಬೇಡ ಎಂದು ಎಷ್ಟು ಸಲ ಹೇಳಿಲ್ಲ! ಆಕೆ ತಲೆ ತಗ್ಗಿಸಿ ಬಕೆಟ್ಟಿಗೆ ಏನೋ ಹೇಳಿದಳು. "ಏನದು, ಬಾಯಿಬಿಟ್ಟು ಹೇಳು" ಎಂದೆ. ತಲೆ ಎತ್ತಿ, "ಬರೀ ನೀರು ಮೇಡಂ, ಆಗ್ಲೇ ಹೇಳಿದ್ನಲ್ಲ" ಎಂದಳು. ಎಲ್ಲಿ ಹೇಳಿದ್ದಳು? ಈಚೆಗೆ ಯಾರಿಗೂ ಮಾತನ್ನು ಪೂರ್ತಿಯಾಗಿ ಹೊರಗೆ ಬಿಡುವ ಅಭ್ಯಾಸವೇ ಇಲ್ಲ. ಅರ್ಧ ಆಡುತ್ತಾರೆ, ಅರ್ಧ ನುಂಗುತ್ತಾರೆ.

ಮಾರ್ಚ್ ೬, ಗುರುವಾರ

ಬುಡ್ಡಿಯ ತೂತೇ ಕಟ್ಟಿಕೊಂಡಿರಬಹುದೆಂದು ಅದನ್ನು ತೂಕಕ್ಕೆ ಕಳಿಸಿದ್ದೆ. ಸೋರಬೇಕಾದಷ್ಟೇ ಸೋರುತ್ತಿದೆ ಎಂದು ವಾಪಸು ಬಂತು. ಆದರೂ ನಂಬಿಕೆ ಬರಲಿಲ್ಲ. ಬೀರುವಿನ ತಳದಲ್ಲಿ ಒಂದು ಹಳೆಯ ಡಿಟೆಕ್ಟರ್ ಬಿದ್ದಿದೆ, ಮುದುಕ ಎನ್ನುತ್ತೇವೆ. ಅದನ್ನು ತೆಗೆದು ಬುಡ್ಡಿಯ ಹತ್ತಿರ ಒಯ್ಯುವುದೇ ತಡ, ಗೊರ್ರ್ ಗೊರ್ರ್ ಎಂದು ಕೆಮ್ಮಲು ಶುರುಮಾಡಿತು. ಅದನ್ನು ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು.

ಗಾಳಿ ಸರಿಯಿದೆ, ಬುಡ್ಡಿ ಸರಿಯಿದೆ, ಕೈ ಸರಿಯಿದೆ. ಹಾಗಾದರೆ ಸರಿಯಿಲ್ಲದ್ದು ಹೊಸ ಯಂತ್ರಗಳೇ. ಇನ್ನೇನು ಉಳಿದಿದೆ ಹೇಳಿ!

ಮನೆಗೆ ಬಂದರೆ ಅಲ್ಲೂ ಇದೇ ಹಣೆಬರಹ. ಕುಕ್ಕರು ಸೀಟಿ ಹೊಡೆಯುವುದನ್ನೇ ಬಿಟ್ಟಿದೆ. ನಾನು ಬಟ್ಟೆ ಮಡಿಸುತ್ತ ಸೀಟಿಗಾಗಿ ಕಾಯುತ್ತ ಕೂತಿದ್ದೆ. ಹೋಗಿ ನೋಡಿದರೆ ಯಜಮಾನರು ಒಲೆ ಆರಿಸಿ, ಮತ್ತೆ ಮುಂಗೋಣೆಗೆ ಹೋಗಿ ಹೊಲಿಗೆ ಮಿಷನ್ ತುಳಿಯುತ್ತಿದ್ದರು. "ಗ್ಯಾಸ್ಕೆಟ್ ಹೋಗಿದೆ ಕಣ್ರೀ, ಹೊಸದು ತನ್ನಿ" ಎಂದೆ. ಅವರು ದಾರ ಪೋಣಿಸುತ್ತ, ಆಗಲಿ ಎಂಬಂತೆ ತಲೆಯಾಡಿಸಿದರು.

ಮಾರ್ಚ್ ೧೦, ಸೋಮವಾರ

ಕಡ್ಡಿ ಮುರಿದಂತೆ ಬರೆದುಕೊಟ್ಟೆ: ಇಡೀ ಪೆಟ್ಟಿಗೆ ಫೇಲು.

ಅರ್ಜೆಂಟಣ್ಣನ ಮುಖ ನೋಡಬೇಕಿತ್ತು. "ಒಂದೂ ಕೂಗಲಿಲ್ವಾ ಮೇಡಂ? ಒಂದೂ?" ಎಂದು ಮತ್ತೆ ಮತ್ತೆ ಕೇಳಿದರು. ಕೂಗಿದ್ದರೆ ನಾನೇಕೆ ಇಲ್ಲ ಎನ್ನಲಿ, ನನಗೇನು ಹಳೇ ದ್ವೇಷವೇ? ಈ ಕಟ್ಟಡದಲ್ಲಿ ವಾಲ್ವಿನ ಒಂದು ಸಣ್ಣ ಸುಯ್ಯನ್ನು ಎರಡು ಕೋಣೆ ಆಚೆಯಿಂದ ಹಿಡಿದವಳು ನಾನು. ಅದನ್ನು ಅವರಿಗೆ ನೆನಪಿಸಿದೆ. "ಅದು ಆಗ..." ಎಂದು ಏನೋ ಶುರುಮಾಡಿ, ಗೋಡೆಯ ಕಡೆ ತಿರುಗಿ ಮುಂದಿನದನ್ನು ಅಲ್ಲೇ ಗೊಣಗಿದರು.

ಮಗ್ಗುಲ ಮೇಜಿನವರು ಪ್ರೆಶರ್ ಗೇಜುಗಳನ್ನು ಪರೀಕ್ಷಿಸುತ್ತಾರೆ. ಒತ್ತಡದವರು ಎಂದು ಹೆಸರು, ಆದರೆ ಅವರಿಗೆ ಯಾವ ಒತ್ತಡವೂ ತಟ್ಟಿದ್ದನ್ನು ನಾನು ಕಂಡಿಲ್ಲ. ಅವರು ನನ್ನನ್ನೂ ಅರ್ಜೆಂಟಣ್ಣನನ್ನೂ ನೋಡಿ, ಮತ್ತೆ ತಮ್ಮ ಗೇಜಿನ ಮುಳ್ಳಿಗೆ ಕಣ್ಣು ಹಚ್ಚಿದರು.

ಸಂಜೆ ತಮ್ಮ ಫೋನು ಮಾಡಿದ್ದ. ಅವನೊಬ್ಬನೇ ಸ್ಪಷ್ಟವಾಗಿ ಮಾತಾಡುವವನು. ಕಂಪ್ರೆಸರಿನ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸ, ಮನೆಯಲ್ಲೂ ಹಾಗೇ. "ಹೊಸ ಗ್ಯಾಸು ತುಂಬಿ ಆಯ್ತು ಅಕ್ಕಾ, ಮೂಸೋ ಯಂತ್ರ ಮಾತ್ರ ಬಂದಿಲ್ಲ. ಸೋಪಿನ ನೊರೆ ಹಚ್ಚಿ ನೋಡ್ತಾ ಇದೀವಿ" ಎಂದ. ಬರೀ ನೊರೆ! ಆ ಉದ್ದುದ್ದ ಪೈಪಿಗೆ, ಹೊತ್ತಿಕೊಳ್ಳುವ ಗ್ಯಾಸಿಗೆ! ಆದರೆ ಮೂಗ ಯಂತ್ರ ಕೊಟ್ಟರೆ ಅದಕ್ಕಿಂತ ಅನ್ಯಾಯ. ನೊರೆಯ ಮೇಲೆ ಅವನಿಗೆ ಅನುಮಾನವಾದರೂ ಇರುತ್ತದೆ. ಯಂತ್ರವನ್ನು ಅವನು ನಂಬಿಬಿಡುತ್ತಾನೆ.

ಮಾರ್ಚ್ ೧೨, ಬುಧವಾರ

ಯಜಮಾನರಿಗೆ ಹೊಸ ಚಾಳಿ ಹತ್ತಿದೆ. ಏನಾದರೂ ಹೇಳಬೇಕಾದರೆ ಮುಖದ ಮುಂದೆಯೇ ಬಂದು ನಿಲ್ಲುತ್ತಾರೆ. ಮೊದಲು ಭುಜ ಮುಟ್ಟುವುದು, ಆಮೇಲೆ ಎದುರಿಗೆ ಬರುವುದು, ಆಮೇಲೆ ಬಾಯಿ ತೆರೆಯುವುದು. "ಸ್ವಲ್ಪ ಹಿಂದೆ ಸರೀರಿ, ನನ್ನೇನು ಕನ್ನಡಿ ಅಂದ್ಕೊಂಡ್ರಾ?" ಎಂದು ರೇಗಿದೆ. ಸರಿದರು. ಮತ್ತೆ ರಾತ್ರಿ ಊಟಕ್ಕೆ ಕೂತಾಗ ದೀಪದ ಕೆಳಗಿನ ಕುರ್ಚಿಗೇ ಬಂದು ಕೂತರು. ಅದು ಯಾವಾಗಲೂ ನನ್ನ ಕುರ್ಚಿ.

ಗ್ಯಾಸ್ಕೆಟ್ ಬದಲಾಯಿತು. ಕುಕ್ಕರು ಇನ್ನೂ ಮೌನವ್ರತದಲ್ಲೇ ಇದೆ. ಇನ್ನು ಕುಕ್ಕರನ್ನೇ ಬದಲಿಸಬೇಕು.

ಮಾರ್ಚ್ ೧೪, ಶುಕ್ರವಾರ

ಇವತ್ತಿನಂಥ ಅವಮಾನ ನನ್ನ ಶತ್ರುವಿಗೂ ಬೇಡ.

ಡಿಟೆಕ್ಟರ್ ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದಳು. ಒಳ್ಳೆಯ ಹೆಣ್ಣುಮಗಳೇ, ಆದರೆ ಮಾತೆಲ್ಲ ಪಿಸುಪಿಸು, ಹತ್ತಿಯಲ್ಲಿ ಸುತ್ತಿ ಆಡಿದ ಹಾಗೆ. ಅವಳ ಪ್ರತಿ ಮಾತಿಗೂ ನಾನು "ಹಾಂ?" ಎನ್ನಬೇಕಾಯಿತು. ಕೊನೆಗೆ ಸಾಕಾಗಿ ತಲೆಯಾಡಿಸಿದೆ. ನಾನು ಯಾವುದಕ್ಕೆ ಒಪ್ಪಿದೆನೋ ದೇವರೇ ಬಲ್ಲ.

ಅವಳು ಯಂತ್ರ ಕೈಗೆ ತೆಗೆದುಕೊಂಡಳು. ದೀಪದ ಮೇಲೆ ನಾನೇ ಟೇಪು ಅಂಟಿಸಿದೆ. ಅವಳು ಮೂತಿಯನ್ನು ಬುಡ್ಡಿಯ ಮುಂದೆ ಎಳೆದಳು. ಎಳೆದದ್ದು ಸರಿಯಾಗಿಯೇ ಇತ್ತು, ವೇಗ, ಅಂತರ ಎಲ್ಲ. ನಾನು ಮೂತಿಯಿಂದ ಕಣ್ಣು ಕೀಳಲಿಲ್ಲ.

"ಬಂತಲ್ಲ ಮೇಡಂ" ಎಂದಳು.

"ಏನು ಬಂತು?"

ಅವಳು ಅರ್ಜೆಂಟಣ್ಣನ ಮುಖ ನೋಡಿದಳು. ಅವರು, "ಬಂತು ಮೇಡಂ" ಎಂದರು. ಒತ್ತಡದವರನ್ನು ಕೇಳಿದರೆ ಅವರೂ ಹೂಂ ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬಳಿಗೆ ತನ್ನ ಮಾಲು ದಾಟಬೇಕು. ಒಬ್ಬರಿಗೆ ಅರ್ಜೆಂಟು. ಇನ್ನೊಬ್ಬರಿಗೆ ಯಾರ ಜೊತೆಗೂ ತಕರಾರು ಬೇಡ. ಮೂವರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಎದುರಿಗೇ ಹೇಳಿಬಿಟ್ಟೆ. "ಈ ಯಂತ್ರ ನಂಬಿಕೊಂಡು ನನ್ನ ತಮ್ಮ ಪೈಪಿನ ಹಿಂದೆ ತಲೆ ಹಾಕ್ತಾನೆ. ನಿಮ್ಮ ಅಣ್ಣತಮ್ಮಂದಿರು ಹಾಕಲ್ಲ. ನಾನು ಸೈನು ಮಾಡಲ್ಲ" ಎಂದೆ. ಆ ಹೆಣ್ಣುಮಗಳ ಕಣ್ಣು ತುಂಬಿತು. ಅವಳು ಏನೋ ಹೇಳಿದಳು. ಕೇಳಿಸಲಿಲ್ಲ, ಮತ್ತೆ ಕೇಳಲೂ ಇಲ್ಲ.

ಸೋಮವಾರದೊಳಗೆ ತೀರ್ಮಾನ ಹೇಳಿ, ಇಲ್ಲವಾದರೆ ಬೇರೆ ಲ್ಯಾಬಿಗೆ ಕಳಿಸುತ್ತೇನೆ ಎಂದರು ಅರ್ಜೆಂಟಣ್ಣ. ಕಳಿಸಲಿ. ಅಲ್ಲಿ ದೀಪ ನೋಡಿ ಪಾಸು ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಮಾರ್ಚ್ ೧೫, ಶನಿವಾರ

ಒತ್ತಡದವರು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. "ಮೇಡಂ, ಒಂದೇ ಒಂದ್ಸಲ ಟೇಪು ಕಿತ್ತು ದೀಪ ನೋಡ್ಬಿಡಿ. ನನಗೋಸ್ಕರ" ಎಂದರು.

"ದೀಪ ನೋಡೋದಾದ್ರೆ ನಾನ್ಯಾಕೆ ಬೇಕು? ಬೀದೀಲಿ ಹೋಗೋ ಯಾರನ್ನಾದ್ರೂ ಕರೀರಿ."

ಅವರು ಕುರ್ಚಿಯನ್ನು ಸದ್ದಿಲ್ಲದೆ ಎತ್ತಿ ವಾಪಸು ಇಟ್ಟರು. ಪಾಪ ಎನಿಸಿತು. ಆದರೂ ಟೇಪು ಕೀಳಲಿಲ್ಲ.

ಒಂದು ಕೆಲಸ ಮಾಡಿದೆ, ಮಾಡಬಾರದ್ದು. ಒಂದು ಹೊಸ ಡಿಟೆಕ್ಟರನ್ನೂ ಬುಡ್ಡಿಯನ್ನೂ ಕೈಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ. ನಾಳೆ ತಮ್ಮ ಊಟಕ್ಕೆ ಬರುತ್ತಾನೆ. ಅವನ ಕೈಗೇ ಕೊಡುತ್ತೇನೆ. ಬಳಸುವವನೇ ಹೇಳಲಿ, ಆಮೇಲೆ ಯಾರು ಬಾಯಿ ತೆರೆಯುತ್ತಾರೋ ನೋಡೋಣ.

ಮಾರ್ಚ್ ೧೬, ಭಾನುವಾರ

ನಡೆದದ್ದು ನಡೆದ ಹಾಗೆ ಬರೆದುಬಿಡುತ್ತೇನೆ.

ಊಟ ಮುಗಿಸಿ ಯಜಮಾನರು ಮುಂಗೋಣೆಯಲ್ಲಿ ಬಟ್ಟೆ ಕತ್ತರಿಸಲು ಕೂತರು. ನಾನೂ ತಮ್ಮನೂ ಅಡುಗೆಮನೆಯಲ್ಲಿ ಉಳಿದೆವು. ಕಿಟಕಿ ತೆರೆದು, ಬುಡ್ಡಿಯನ್ನು ಕಟ್ಟೆಯ ಮೇಲಿಟ್ಟು, ಡಿಟೆಕ್ಟರನ್ನು ಅವನ ಕೈಗೆ ಕೊಟ್ಟೆ. ಕರಿ ಟೇಪು ಇದ್ದಲ್ಲೇ ಇತ್ತು. ಅವನು ಮೆಕ್ಯಾನಿಕ್ಕರ ಶಿಸ್ತಿನಲ್ಲಿ ಮೊದಲು ಬಾಗಿಲಾಚೆ ಹೋಗಿ ಆನ್ ಮಾಡಿಕೊಂಡು ಬಂದ. ಮೂತಿಯನ್ನು ತೂತಿಗೆ ಹಿಡಿದ. ಕತ್ತು ವಾಲಿಸಿ ಕೇಳಿದ.

"ಇದು ಕೂಗ್ತಾನೇ ಇಲ್ವಲ್ಲ ಅಕ್ಕಾ."

ನನಗೆ ಕುಣಿಯುವಷ್ಟು ಖುಷಿಯಾಯಿತು. "ಕೇಳಿದ್ಯಾ! ಅಲ್ಲ, ಕೇಳಿಸ್ಲಿಲ್ಲ ಅಲ್ವಾ! ಇದನ್ನೇ ಕಣೋ ಹೇಳ್ತಿರೋದು ನಾನು. ಮೂರು ಜನ ಸೇರಿ ನನ್ನ ಹುಚ್ಚಿ ಮಾಡಿದ್ರು."

"ಮೂತಿ ಕಟ್ಕೊಂಡಿರಬೇಕು" ಎಂದು ಉಫ್ ಎಂದು ಊದಿ ಮತ್ತೆ ಹಿಡಿದ. ಹಿಡಿದೇ ಇದ್ದ. "ಎಲ್ಲೋ ಹೊರಗಡೆ ಏನೋ ಹುಳ ಚೀರಿದಂಗಾಯ್ತು. ಇದಂತೂ ಅಲ್ಲ. ದುಡ್ಡು ಕೊಟ್ಟು ಮೂಗಿ ತಂದಂಗಾಯ್ತು ಬಿಡು." ನಾವಿಬ್ಬರೂ ನಕ್ಕೆವು. ಅವನು ಮೂತಿಯನ್ನು ಇನ್ನೂ ಹತ್ತಿರಕ್ಕೆ ತಂದ.

ಆಗ ಯಜಮಾನರು ಒಳಗೆ ಬಂದರು. ಕತ್ತಿನಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು. ಎರಡೂ ಅಂಗೈಗಳನ್ನು ಕಿವಿಗೆ ಒತ್ತಿ ಹಿಡಿದಿದ್ದರು.

"ನಿಲ್ಸ್ರಪ್ಪಾ ಅದನ್ನ! ಆಗ್ಲಿಂದ ಕಿವಿಗೆ ಸೂಜಿ ಚುಚ್ಚಿದಂಗಾಗ್ತಿದೆ."

ನಾವು ಅವರನ್ನೇ ನೋಡಿದೆವು. ತಮ್ಮ ಕೇಳಿದ, "ಯಾವ್ದನ್ನ ಭಾವ?"

ತಮ್ಮನ ನಗು ಇನ್ನೂ ಅವನ ಬಾಯಿಯ ಮೇಲೇ ಇತ್ತು, ಇಳಿಸುವುದನ್ನು ಮರೆತವನಂತೆ. ಆಮೇಲೆ ಅವನು ಮೂತಿಯನ್ನು ಬುಡ್ಡಿಯಿಂದ ದೂರ ಎಳೆದ. ಭಾವನ ಕೈ ಕೆಳಗಿಳಿಯಿತು. ಹತ್ತಿರ ಒಯ್ದ. ಕೈ ಮತ್ತೆ ಕಿವಿಗೆ ಹೋಯಿತು. ದೂರ, ಹತ್ತಿರ, ದೂರ. ಅವನೀಗ ಯಂತ್ರವನ್ನು ನೋಡುತ್ತಲೇ ಇರಲಿಲ್ಲ. ಭಾವನ ಕೈಗಳನ್ನೇ ನೋಡುತ್ತಿದ್ದ. ನಾನೂ.

ಟೇಪು ಕಿತ್ತೆ. ಕೆಂಪು ದೀಪ ಒಂದೇ ಸಮನೆ ಮಿನುಗುತ್ತಿತ್ತು. ಕೂಗು ಬರುವ ಸಣ್ಣ ಜಾಲರಿಯ ಮೇಲೆ ಬೆರಳಿಟ್ಟೆ. ಬೆರಳಿನ ಕೆಳಗೆ ಅದು ನಡುಗುತ್ತಿತ್ತು. ಪಾಪ, ಇಷ್ಟು ದಿನವೂ ಗಂಟಲು ಹರಿದುಕೊಂಡು ಕೂಗಿದೆ.

ತಮ್ಮ ಯಂತ್ರವನ್ನು ಕಟ್ಟೆಯ ಮೇಲಿಟ್ಟ. "ಅಂದ್ರೆ ನನಗೂನಾ ಅಕ್ಕಾ?" ಎಂದ. ಅವನ ದನಿ ಅಷ್ಟು ತಗ್ಗಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಕೇಳಿದ್ದೂ ಅವನ ತುಟಿ ನೋಡಿಯೇ ಇರಬೇಕು.

ನಮ್ಮ ಅಪ್ಪನ ಜೊತೆ ಮಾತಾಡಬೇಕಾದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕಿತ್ತು. ಅದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು ಅನ್ನಿಸುತ್ತದೆ.

ಅವನು ಹೋದ ಮೇಲೆ ಯಜಮಾನರನ್ನು ಕೇಳಿದೆ, "ನಿಮಗೆ ಮೊದಲೇ ಗೊತ್ತಿತ್ತಾ?"

ಅವರು ಬಂದು ಎದುರಿಗೆ ಕೂತರು, ಬೆಳಕಿನ ಕಡೆ ಮುಖ ಮಾಡಿ. "ಕುಕ್ಕರ್ ಆರಿಸ್ತಿದ್ದೋರು ಯಾರು ಅಂದ್ಕೊಂಡೆ? ದಿನಾ ಸೀಟಿ ಹೊಡೀತಾನೇ ಇತ್ತು."

"ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳ್ದೆ. ಒಂದಿನ ನೀನು ಪಾತ್ರೆ ತೊಳೀತಿದ್ದೆ, ಹಿಂದಿನಿಂದ ಹೇಳ್ದೆ. ನಿನಗೆ ಕೇಳಿಸ್ಲೇ ಇಲ್ಲ. ಎರಡನೇ ಸಲ ಎದುರಿಗೆ ನಿಂತು ಹೇಳೋ ಧೈರ್ಯ ಬರ್ಲಿಲ್ಲ ಕಣೇ."

ಅತ್ತೆ. ಬಿಕ್ಕಿ ಬಿಕ್ಕಿ ಅತ್ತೆ. ಕಿವಿಗಾಗಿ ಅಲ್ಲ, ಕುಕ್ಕರಿಗಾಗಿ. ಅದನ್ನು ಎಷ್ಟು ಬೈದಿದ್ದೆ!

ಮಾರ್ಚ್ ೧೭, ಸೋಮವಾರ

ಅರ್ಜೆಂಟಣ್ಣನ ಕೋಣೆಗೆ ಹೋಗಿ ಹೇಳಿದೆ. ಯಂತ್ರಗಳು ಕೂಗುತ್ತವೆ, ಕೇಳದಿದ್ದದ್ದು ನನಗೆ. ಅವರು ಮೊದಲ ಬಾರಿಗೆ ಯಾವ ಅವಸರವೂ ಇಲ್ಲದೆ ನನ್ನನ್ನು ನೋಡಿದರು. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

"ಕಿವಿ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಅಲ್ಲೀವರೆಗೆ ಒಬ್ಬರೇ ಯಾವುದಕ್ಕೂ ಸೈನು ಮಾಡ್ಬೇಡಿ ಮೇಡಂ. ಆಮೇಲೆ ನೋಡೋಣ" ಎಂದರು.

ನಮ್ಮಲ್ಲಿ ಲೆಕ್ಕ ತಪ್ಪಿದ ಉಪಕರಣಕ್ಕೆ ಕೆಂಪು ಚೀಟಿ ಅಂಟಿಸುತ್ತೇವೆ: ಬಳಸಬಾರದು. ಎಷ್ಟೊಂದನ್ನು ನಾನೇ ಅಂಟಿಸಿಲ್ಲ! ವಾಪಸು ಬರುವಾಗ ಹಣೆ ಮುಟ್ಟಿ ನೋಡಿಕೊಂಡೆ.

ಬುಡ್ಡಿಯನ್ನು ಇದ್ದ ಜಾಗದಲ್ಲಿ ಇಟ್ಟೆ. ಇನ್ನೇನೂ ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೯, ಬುಧವಾರ

ಇಡೀ ಪೆಟ್ಟಿಗೆಯನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಿದೆವು. ಮೂತಿ ಎಳೆಯುವುದು ನಾನು, ಕೇಳುವುದು ಒತ್ತಡದವರು. ಅವರು ನನ್ನ ಹಿಂದೆ ನಿಂತು, ಕೂಗಿದಾಗಲೆಲ್ಲ ಮೇಜನ್ನು ಅಂಗೈಯಿಂದ ತಟ್ಟುತ್ತಿದ್ದರು. ಆ ತಟ್ಟು ನನ್ನ ಮೊಣಕೈಗೆ ಗೊತ್ತಾಗುತ್ತಿತ್ತು. ಎಲ್ಲವೂ ಕೂಗಿದವು, ಒಂದೂ ಬಿಡದೆ. ಪರವಾಗಿಲ್ಲ, ಮೂತಿಗಳು ಚುರುಕಾಗಿವೆ. ಮುದುಕನಿಗಿಂತ ಚುರುಕು.

ಕೆಲಸ ಮುಗಿದ ಮೇಲೆ, ಇವತ್ತು ಮತ್ತೆ ಬಂದಿದ್ದ ಕಂಪನಿಯ ಆ ಹೆಣ್ಣುಮಗಳನ್ನು ನನ್ನ ಎದುರಿಗೆ ಕೂರಿಸಿಕೊಂಡೆ. "ಅವತ್ತು ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಮ್ಮ" ಎಂದೆ. ಎದುರಿಗೆ ಕೂತರೆ ಅವಳ ಮಾತು ಅಷ್ಟೇನೂ ಪಿಸುಪಿಸು ಅಲ್ಲ.

"ಕಂಪ್ರೆಸರ್ ಗದ್ದಲದಲ್ಲೂ ಎದ್ದು ಕೇಳ್ಲಿ ಅಂತಾನೇ ಅಷ್ಟು ಕೀಚಲು ದನಿ ಇಟ್ಟಿದ್ದು ಮೇಡಂ" ಎಂದಳು. ದಪ್ಪ ಸದ್ದಿನ ನಡುವೆ ತೆಳು ಸದ್ದು ಚೂಪಾಗಿ ಕೇಳುತ್ತದೆ. ಲೆಕ್ಕ ಸರಿಯೇ.

"ನಿನ್ನ ಕಿವಿಗೆ ಸರಿ. ಆ ಗದ್ದಲದಲ್ಲಿ ನಿಂತು ನಿಂತು ಸವೆದಿರೋ ಕಿವಿಗೆ ಆ ಕೀಚಲು ದನಿಯೇ ಮೊದಲು ಕೇಳದೆ ಹೋಗೋದು. ನನ್ನ ತಮ್ಮ ಇದನ್ನ ಹಿಡ್ಕೊಂಡು, ಇದು ಮೂಗಿ ಅಂತ ನಕ್ಕ. ಅದು ಆಗ ಕೂಗ್ತಾ ಇತ್ತು."

ಅವಳು ಪೆನ್ನು ತೆಗೆದವಳು ಏನೂ ಬರೆಯದೆ ಹಾಗೇ ಕೂತಳು. ಆಮೇಲೆ, "ಅವರು ಎಷ್ಟು ದಪ್ಪ ದನಿ ಆದ್ರೆ ಕೇಳ್ತಾರೆ? ಅವರನ್ನ ಕರ್ಕೊಂಡು ಬರ್ತೀರಾ?" ಎಂದಳು. ಮುದುಕನನ್ನು ತೆಗೆದು ಅವಳ ಕೈಗೆ ಕೊಟ್ಟೆ. "ಇಷ್ಟು" ಎಂದೆ.

ವರದಿಯಲ್ಲಿ ಬರೆದೆ: ಸೋರಿಕೆ ಹಿಡಿಯುವುದರಲ್ಲಿ ಪಾಸು. ಅದರ ಕೆಳಗೆ: ಕೂಗು ಬಹಳ ತೆಳು, ಯಂತ್ರಗಳ ಗದ್ದಲದಲ್ಲಿ ದುಡಿದವರಿಗೆ ಕೇಳಿಸದಿರಬಹುದು, ದನಿ ಬದಲಾಗುವವರೆಗೆ ಬಳಸುವವರು ಜೊತೆಗೆ ದೀಪವನ್ನೂ ನೋಡತಕ್ಕದ್ದು. ಅರ್ಜೆಂಟಣ್ಣ ಓದಿ, "ಇದಕ್ಕೆ ವರದೀಲಿ ಜಾಗ ಇಲ್ವಲ್ಲ ಮೇಡಂ" ಎಂದರು. "ಮಾಡಿದೀನಲ್ಲ" ಎಂದೆ. ನಕ್ಕರು. ನನ್ನ ಸಹಿಯ ಪಕ್ಕದಲ್ಲಿ ಒತ್ತಡದವರೂ ಸಹಿ ಹಾಕಿದರು.

ದೀಪ ನೋಡತಕ್ಕದ್ದು! ಬರೆದದ್ದು ಈ ಕೈಯೇ. ಟೇಪಿನ ಸುರುಳಿ ಮೇಜಿನ ಮೇಲೇ ಇತ್ತು, ಖಾನೆಯೊಳಗೆ ಹಾಕಿದೆ.

ಸಂಜೆ ತಮ್ಮನಿಗೆ ಫೋನು ಮಾಡಿ, ಯಂತ್ರ ಬಂದ ಮೇಲೆ ಒಬ್ಬನೇ ಪೈಪಿನ ಹಿಂದೆ ಹೋಗಕೂಡದು, ಕಿವಿ ಚುರುಕಿರುವ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೋ ಎಂದೆ. "ಆಗ್ಲೇ ಹೇಳಿಟ್ಟಿದೀನಿ ಅಕ್ಕಾ. ಮೊದಲು ನೀನು ತೋರಿಸ್ಕೋ, ನಿನ್ನ ನೋಡ್ಕೊಂಡು ನಾನು" ಎಂದ. ಚಿಕ್ಕಂದಿನಿಂದ ಹೀಗೇ, ಕಹಿ ಔಷಧಿ ಮೊದಲು ನನ್ನ ಬಾಯಿಗೇ ಬೀಳಬೇಕು.

ಮಾರ್ಚ್ ೨೧, ಶುಕ್ರವಾರ

ಕಿವಿ ಪರೀಕ್ಷೆಗೆ ಹೋಗಿ ಬಂದೆ.

ಗೋಡೆಗೆಲ್ಲ ಮೆತ್ತೆ ಹೊಡೆದ ಸಣ್ಣ ಕೋಣೆ. ಕಿವಿಗೆ ದೊಡ್ಡ ಹೆಡ್‌ಫೋನು, ಕೈಗೆ ಒಂದು ಗುಂಡಿ. "ಎಷ್ಟೇ ಸಣ್ಣಗೆ ಕೇಳಿಸ್ಲಿ ಅಮ್ಮಾ, ಕೇಳಿಸಿದ್ರೆ ಒತ್ತಿ" ಎಂದು ಹೇಳಿ ಪರೀಕ್ಷಿಸುವಾತ ಬಾಗಿಲು ಹಾಕಿಕೊಂಡು ಗಾಜಿನ ಆಚೆ ಕೂತ. ನನಗೆ ನಗು ಬಂತು. ಇದೂ ನನ್ನ ಕೆಲಸವೇ. ಈ ಸಲ ಮೇಜಿನ ಮೇಲೆ ಇರುವುದು ನಾನು, ಅಷ್ಟೇ.

ಮೊದಲು ದಪ್ಪ ಸದ್ದುಗಳು ಬಂದವು. ಮುದುಕನ ಗೊರಗೊರದ ನೆಂಟರು. ಟಕ್ಕಟಕ್ಕನೆ ಒತ್ತಿದೆ. ಸದ್ದು ತೆಳುವಾಗುತ್ತ ಹೋಯಿತು, ನನ್ನ ಹೆಬ್ಬೆರಳೂ ತಡವರಿಸುತ್ತ ಹೋಯಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲ, ಆದರೆ ಗಾಜಿನ ಆಚೆ ಅವನ ಬೆರಳು ಆಡುತ್ತಿತ್ತು. ಅದು ಒತ್ತುವುದು, ಬಿಡುವುದು, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಅವನ ಬೆರಳು ಇಳಿದಾಗಲೆಲ್ಲ ನಾನೂ ಗುಂಡಿ ಒತ್ತಿದರೆ ಸಾಕು. ಪಾಸು. ಸೋಮವಾರದಿಂದ ನನ್ನ ಮೇಜು ನನಗೆ, ನನ್ನ ಸಹಿ ಒಂಟಿಯಾಗಿ ನನಗೆ. ಸುಳ್ಳೇಕೆ ಹೇಳಲಿ, ಒಂದು ಸಲ ಹೆಬ್ಬೆರಳು ತಾನಾಗಿಯೇ ಅರ್ಧ ಇಳಿಯಿತು.

ಕಣ್ಣು ಮುಚ್ಚಿಕೊಂಡೆ.

ಕತ್ತಲೆಯಲ್ಲಿ ಕಾದೆ. ಬಹಳ ಹೊತ್ತು ಕಾದೆ. ಗುಂಡಿಯ ಮೇಲಿನ ಬೆರಳು ಅಲುಗಾಡಲಿಲ್ಲ. ಬಾಗಿಲು ತೆರೆದದ್ದು ಕೂಡ ಮುಖಕ್ಕೆ ಗಾಳಿ ಬಡಿದಾಗಲೇ ತಿಳಿದದ್ದು.

ಕೆಳಗಿನ ದಪ್ಪ ಸದ್ದು ಚೆನ್ನಾಗಿ ಕೇಳುತ್ತದೆ, ಮೇಲಿನ ತೆಳು ಸದ್ದುಗಳು ಎರಡೂ ಕಿವಿಯಲ್ಲಿ ಹೋಗಿವೆ, ಹೋದದ್ದು ತಿರುಗಿ ಬರುವುದಿಲ್ಲ, ಕಿವಿಗೆ ಯಂತ್ರ ಹಾಕಿಸಿಕೊಂಡರೆ ಅನುಕೂಲ ಎಂದ. ಯಾವ ಯಂತ್ರವಾದರೂ ಸರಿ, ಮೊದಲು ನಾನೇ ಪರೀಕ್ಷಿಸುತ್ತೇನೆ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಎದ್ದರು. ಭುಜ ಮುಟ್ಟಿದರು, ಎದುರಿಗೆ ಬಂದರು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡರು. "ಏನಂದ್ರು?" ಎಂದು ಕೇಳಿದರು.

ಹಿಂದೆ ಸರಿಯಿರಿ ಎನ್ನಲಿಲ್ಲ. ಅವರ ಬಾಯನ್ನೇ ನೋಡುತ್ತ, "ಇನ್ನೊಂದ್ಸಲ ಹೇಳಿ" ಎಂದೆ. ಮೊದಲ ಸಲವೇ ಕೇಳಿಸಿತ್ತು.